ಮುಳ್ಳು ಇಳಿಯುವ ಮೊದಲೇ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಎಂಜಿನಿಯರಮ್ಮನಿಗೆ ಕೆಲಸಗಾರರು ಇಟ್ಟ ಅಡ್ಡಹೆಸರು ಮುಂಚೆಯಮ್ಮ. ಹಬೆಯ ಒತ್ತಡ ತೋರಿಸುವ ಮುಳ್ಳು ಇಳಿದ ಮೇಲೆ ಬೆಂಕಿ ಏರಿಸಲು ಓಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅಷ್ಟರಲ್ಲಿ ಹಬೆ ಸಾಲದೆ ಬಟ್ಟೆಯ ಮೇಲೆ ಪಟ್ಟೆ ಎದ್ದಿರುತ್ತಿತ್ತು. ಮುಳ್ಳನ್ನಲ್ಲ, ಕಿಟಕಿಯಾಚೆ ನೋಡಿ ಎನ್ನುತ್ತಿದ್ದಳು. ಒದ್ದೆ ಬಟ್ಟೆಯ ಗಾಡಿಗಳು ಸಾಲುಗಟ್ಟಿದವೆಂದರೆ ಇನ್ನೇನು ಬಣ್ಣದ ತೊಟ್ಟಿಗಳು ಹಬೆ ಕೇಳುತ್ತವೆ. ಆಗಲೇ ಬೆಂಕಿ ಏರಿಸಬೇಕು.

"ಮೇಡಂಗೆ ನಾಳೆ ಬರೋ ನೆಗಡೀನೂ ಇವತ್ತೇ ಗೊತ್ತಾಗುತ್ತೆ" ಎಂದು ಬಾಯ್ಲರಿನವನು ಗೇಲಿ ಮಾಡಿದರೆ ಅವಳಿಗೆ ಒಳಗೊಳಗೇ ಹೆಮ್ಮೆ.

ಮನೆಯಲ್ಲೂ ಅವಳದು ಅದೇ ಕಣ್ಣು. ಗಂಡ ತೀರಿಕೊಂಡ ಮೇಲೆ ಉಳಿದವಳು ಮಗಳೊಬ್ಬಳೇ. ಕಾಲೇಜಿನಲ್ಲಿದ್ದಾಗ ಆ ಹುಡುಗಿ ಮಂಕಾಗಿ ಹಾಸಿಗೆ ಹಿಡಿದು, ಮನೋವೈದ್ಯರ ಮಾತ್ರೆ ನುಂಗಿ ಚೇತರಿಸಿಕೊಂಡಿದ್ದಳು. ಮೊದಲೇ ತನಗೆ ಸುಳಿವು ಹತ್ತಲಿಲ್ಲವಲ್ಲ ಎಂಬ ಕೊರಗು ತಾಯಿಯ ಎದೆಯಲ್ಲಿ ಕೂತುಬಿಟ್ಟಿತ್ತು.

ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಫೋನಿನಲ್ಲಿ ಮಗಳ ದನಿ ತಗ್ಗಿತು. ಹೂಂ, ಉಹೂಂ, ಅಷ್ಟೇ. ತಾಯಿಯ ಜೀವ ಹಿಡಿಯಷ್ಟಾಯಿತು. ಗಾಡಿಗಳು ಸಾಲುಗಟ್ಟಿವೆ ಎಂದೇ ಅವಳು ಎಣಿಸಿದಳು. ಮಗಳನ್ನು ಒಂದು ಮಾತು ಕೇಳದೆ ಅಳಿಯನ ಆಫೀಸಿಗೇ ಫೋನು ಹಚ್ಚಿ, ಅವನಿಗೆ ಗೊತ್ತಿರದ ಹಳೆಯ ಕಾಯಿಲೆಯನ್ನೆಲ್ಲ ಹೇಳಿ, ಅವಳ ಮೇಲೆ ಸ್ವಲ್ಪ ಕಣ್ಣಿಟ್ಟಿರಿ ಎಂದಳು. ಫೋನು ಇಟ್ಟಾಗ ಎಷ್ಟೋ ಹಗುರ.

ಭಾನುವಾರ ಮಧ್ಯಾಹ್ನ ಮಗಳು ಬಂದಳು. ಹೆಗಲ ಚೀಲವನ್ನೂ ಕೆಳಗಿಡಲಿಲ್ಲ.

"ಅತ್ತೆ ಬಂದಿದ್ದಾರೆ ಅಮ್ಮ. ಪಕ್ಕದ ರೂಮಲ್ಲಿ ಮಲಗಿರ್ತಾರೆ, ಸಣ್ಣ ಸದ್ದಿಗೂ ಎದ್ದುಬಿಡ್ತಾರೆ. ಅದಕ್ಕೆ ಮೆಲ್ಲಗೆ ಮಾತಾಡ್ತಿದ್ದೆ. ಅಷ್ಟೇ."

ಆಮೇಲೆ ಒಂದೊಂದೇ ಬಿಚ್ಚಿಟ್ಟಳು. ತಾಯಿಯ ಫೋನು ಬಂದಂದಿನಿಂದ ಗಂಡ ತಲೆನೋವಿನ ಮಾತ್ರೆಯನ್ನೂ ತನ್ನ ಬ್ಯಾಗಿನಲ್ಲಿಟ್ಟು ಬೀಗ ಹಾಕುತ್ತಾನಂತೆ. ಅವಳು ನಕ್ಕರೂ ಮುಖ ನೋಡುತ್ತಾನೆ, ಸುಮ್ಮನಿದ್ದರೂ ನೋಡುತ್ತಾನೆ. ಸ್ನಾನ ತಡವಾದರೆ ಅತ್ತೆ ಬಾಗಿಲು ಬಡಿಯುತ್ತಾರೆ.

"ಅವರಿಗೆ ನಾನೇ ಒಂದಿನ ಹೇಳ್ತಿದ್ದೆ. ನನ್ನ ಬಾಯಲ್ಲಿ ಬರಬೇಕಿತ್ತು ಅದು. ಈಗ ನಿಜವಾಗ್ಲೂ ನಿದ್ದೆ ಬರ್ತಿಲ್ಲ ನಂಗೆ."

ತಾಯಿಗೆ ಬಾಯ್ಲರ್ ನೆನಪಾಯಿತು. ಗಾಡಿಗಳು ನಿಂತಿದ್ದೂ ತೊಟ್ಟಿಗಳು ಹಬೆ ಕೇಳದ ದಿನಗಳು ಕಾರ್ಖಾನೆಯಲ್ಲೂ ಇದ್ದವು. ಬೇಡದ ಹಬೆ ಸುರಕ್ಷಾ ವಾಲ್ವನ್ನು ಎತ್ತಿಕೊಂಡು ಚೀರುತ್ತ ಹೊರಬೀಳುತ್ತಿತ್ತು. ಆ ಸದ್ದಿಗೆ ಎಲ್ಲರೂ ಕಿವಿ ಮುಚ್ಚಿಕೊಂಡು ಆಮೇಲೆ ನಗುತ್ತಿದ್ದರು. ಇಲ್ಲಿ ಹೊರಬೀಳಲು ದಾರಿ ಎಲ್ಲಿತ್ತು? ಅಳಿಯನಿಗೆ ಮತ್ತೊಮ್ಮೆ ಫೋನು ಮಾಡಿ ಎಲ್ಲ ಸರಿಪಡಿಸಿಬಿಡಲೇ ಎಂದು ಆಗಲೇ ಲೆಕ್ಕ ಹಾಕುತ್ತಿದ್ದ ತನ್ನ ಮನಸ್ಸನ್ನು ಕಂಡು ಅವಳಿಗೇ ಹೆದರಿಕೆಯಾಯಿತು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನೇ ಹೊಡೆದುಕೊಂಡಿತು. ಅಳಿಯ.

"ಅತ್ತೆ, ಬಂದು ಸೇರಿದ್ಲಾ? ಹೇಗಿದ್ದಾಳೆ ನೋಡೋಕೆ? ಏನಾದ್ರೂ ತಿಂದ್ಲಾ?"

ದನಿಯಲ್ಲಿ ಕಳವಳವಿತ್ತು, ಅಕ್ಕರೆಯೂ ಇತ್ತು. ತಾನು ಕೇಳುತ್ತಿದ್ದುದೂ ಹೀಗೆಯೇ. ಮಗಳು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು.

"ಅವಳು ಇಲ್ಲೇ ಇದ್ದಾಳೆ" ಎಂದಳು ತಾಯಿ. "ಅವಳನ್ನೇ ಕೇಳಿ."

ಫೋನು ಹಿಡಿದ ಕೈಯನ್ನು ಮುಂದೆ ಚಾಚಿದಳು. ಮಗಳು ತೆಗೆದುಕೊಳ್ಳಲಿಲ್ಲ. ಫೋನಿನೊಳಗಿಂದ ಹಲೋ, ಹಲೋ ಎನ್ನುವುದು ಕೇಳುತ್ತಲೇ ಇತ್ತು. ಈಗ ಏನು ಮಾಡಬೇಕೆಂದು ತಾಯಿಗೆ ತಿಳಿಯಲಿಲ್ಲ. ಚಾಚಿದ ಕೈಯನ್ನು ಮಾತ್ರ ಹಿಂದೆಗೆಯಲಿಲ್ಲ.