ಹುಳಮನೆಯ ಕಟ್ಟಳೆ

ಸುನಂದಳ ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಬರಿಗಾಲಲ್ಲೇ ನಿಂತು ಹಣ್ಣಾದ ರೇಷ್ಮೆ ಹುಳ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಅವಳಿಗೆ ನಲವತ್ತೆರಡು. ಹೊಟ್ಟೆಯಲ್ಲಿ ಏಳು ತಿಂಗಳು. ಮದುವೆಯಾದ ಮಗಳಿದ್ದಾಳೆ. ಈ ವಯಸ್ಸಲ್ಲಿ ಬಸುರಿಯಾ ಅಂತ ಊರು ನಕ್ಕಿತು. ನಗಲಿ. ಊರು ನಕ್ಕರೆ ಕಾಲು ಊದುವುದಿಲ್ಲ.

ನಾನು ಅಂಜಮ್ಮ, ಅವಳ ಅತ್ತೆ. ಬೈರಕೂರಿನ ಪಕ್ಕ ನಮ್ಮೂರು. ವೆಂಕಟರಾಯಪ್ಪನ ಹುಳಮನೆಯಲ್ಲಿ ಕೂಲಿ ಮಾಡುತ್ತಲೇ ನನ್ನ ತಲೆ ನರೆತದ್ದು. ಅಲ್ಲಿಗೊಂದು ಕಟ್ಟಳೆ. ಆಸ್ಪತ್ರೆ ಮೆಟ್ಟಿಲು ಹತ್ತಿದವರು ಹುಳ ಗೂಡು ಕಟ್ಟಿ ಆ ಬೆಳೆ ಮುಗಿಯುವ ತನಕ ಒಳಗೆ ಬರಕೂಡದು. ಹುಳಕ್ಕೆ ರೋಗ ತಗಲುತ್ತದಂತೆ. ಒಂದು ಬೆಳೆ ತಪ್ಪಿದರೆ ತಿಂಗಳ ಕೂಲಿ ಹೋದಂತೆ. ಎಲ್ಲರೂ ನಂಬಿದ್ದೆವು. ಜ್ವರ ಬಂದರೂ ಅಂಗಡಿ ಮಾತ್ರೆಯಲ್ಲೇ ಮುಗಿಸುತ್ತಿದ್ದೆವು.

ಐದನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ರಂಜಿತ ಸುನಂದಳನ್ನು ಮುಳಬಾಗಿಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಬಿ.ಪಿ. ಜಾಸ್ತಿ ಇತ್ತು.

"ಅಕ್ಕಾ, ಈ ವಯಸ್ಸಿನ ಬಸುರಿ ಹುಡುಗಾಟ ಅಲ್ಲ. ತಿಂಗ್ಳು ತಿಂಗ್ಳೂ ತೋರಿಸ್ಲೇಬೇಕು" ಅಂದಳು.

ಮಾರನೆಯ ದಿನ ಹುಳಮನೆಯ ಬಾಗಿಲಲ್ಲೇ ಸುನಂದಳನ್ನು ತಡೆದರು. ಆ ಬೆಳೆಗೆ ಕೂಲಿ ಇಲ್ಲ. ಆಮೇಲೆ ರಂಜಿತ ಕರೆದಾಗಲೆಲ್ಲ, "ಈ ಬೆಳೆ ಮುಗೀಲಿ ಕಣೇ" ಅನ್ನುತ್ತಿದ್ದಳು ಸುನಂದ.

ಆವತ್ತು ಬೆಳಗ್ಗೆಯಿಂದ ಅವಳಿಗೆ ತಲೆನೋವು. ಕಣ್ಣು ಮಂಜು.

"ಕೂಸು ಒದೀತಾ?" ಅಂದೆ.

"ನಿನ್ನೆಯಿಂದ ಗೊತ್ತಾಗ್ತಿಲ್ಲ ಅತ್ತೆ."

ಪಕ್ಕದಲ್ಲಿ ಹುಳ ಆರಿಸುತ್ತಿದ್ದ ಶಿರೀನಳ ಕೈ ನಿಂತುಬಿಟ್ಟಿತು.

ಅಷ್ಟರಲ್ಲಿ ವೆಂಕಟರಾಯಪ್ಪ ಬಂದ. ಮೊಣಕೈ ಮಡಿಕೆಯಲ್ಲಿ ಹತ್ತಿ, ಅದರ ಮೇಲೆ ಪಟ್ಟಿ. ತಟ್ಟೆಗೆ ಕೈ ಹಾಕಿ ಒಂದು ಹುಳ ಎತ್ತಿ ಬೆಳಕಿಗೆ ಹಿಡಿದ.

"ಕೈಗೆ ಏನಾಯ್ತು ಯಜಮಾನ್ರೆ?" ಸುನಂದ ಕೇಳಿದಳು.

"ಸುಗರ್‌ಗೆ ರಕ್ತ ಕೊಟ್ಟು ಬಂದೆ. ಆಸ್ಪತ್ರೇಲಿ ಏನ್ ಜನ ಅಂತೀಯ!"

"ಹುಳಕ್ಕೆ ರೋಗ ಬರಲ್ವಾ?"

"ಬೆಳೆ ನಂದು ಕಣಮ್ಮಾ. ನಿನ್ ಕೆಲ್ಸ ನೋಡು."

ಶಿರೀನ್ ನಕ್ಕಳು. "ಅರೆ, ಯಜಮಾನ್ರು ಯಾರು ಅಂತ ರೋಗಕ್ಕೂ ಗೊತ್ತು ನೋಡು!"

ಆಮೇಲೆ ಯಾರೂ ಹುಳ ಮುಟ್ಟಲಿಲ್ಲ. ನಾನು ಸುನಂದಳ ರಟ್ಟೆ ಹಿಡಿದು ಹೊರಟೆ. ಹೆಂಗಸರೆಲ್ಲ ಹಿಂದೆ ಬಂದರು.

"ಈಗ ಹೋದ್ರೆ ಮತ್ತೆ ಈ ಕಡೆ ತಲೆ ಹಾಕ್ಬೇಡಿ!" ಅವನು ಕೂಗುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಮಿಷನ್ನು ಆಡಿಸಿ ಆಡಿಸಿ ನೋಡಿದರು. ಮಗುವಿನ ಎದೆಬಡಿತ ಇಲ್ಲ, ಇನ್ನು ತಾಯಿಯನ್ನು ಉಳಿಸಿಕೊಳ್ಳಬೇಕು ಅಂದರು.

"ತಿಂಗಳಾ ತಿಂಗಳಾ ಬಾ ಅಂದಿದ್ವಲ್ಲ, ಯಾಕಮ್ಮ ಬರ್ಲಿಲ್ಲ?"

ಸುನಂದ ಗೋಡೆ ನೋಡುತ್ತಿದ್ದಳು. ಅಳಲಿಲ್ಲ. ನನಗೂ ಅಳು ಬರಲಿಲ್ಲ. ಬೆರಳಿಗಂಟಿದ ರೇಷ್ಮೆ ಎಳೆ ಕೀಳುತ್ತ ನಿಂತಿದ್ದೆ.

ಆಗ ಶಿರೀನ್ ಮುಂದೆ ಬಂದಳು. "ಡಾಕ್ಟರಮ್ಮಾ, ನಂದೂ ನೋಡಿ. ನಾಲ್ಕು ತಿಂಗ್ಳು."

ಅವಳಿಗೂ ನಲವತ್ತರ ಹತ್ತಿರ. ನಮಗೆ ಯಾರಿಗೂ ಹೇಳಿರಲಿಲ್ಲ.

ನನ್ನ ಫೋನು ಹೊಡೆದುಕೊಂಡಿತು. ವೆಂಕಟರಾಯಪ್ಪ.

"ಅಂಜಮ್ಮಾ, ಹುಳ ತಟ್ಟೇಲೇ ಗೂಡು ಕಟ್ತಾ ಅವೆ, ಬೆಳೆ ಹಾಳಾಗ್ತೈತೆ. ಕಟ್ಟಳೆ ಗಿಟ್ಟಳೆ ಏನೂ ಬೇಡ, ಎಲ್ಲಾರೂ ಬಂದ್ಬಿಡ್ರಮ್ಮ. ಎಷ್ಟೊತ್ತಿಗೆ ಬರ್ತೀರಿ?"

"ಶಿರೀನ್‌ದು ನೋಡ್ತಾವ್ರೆ" ಅಂದೆ. "ನಾವೆಲ್ಲ ಇಲ್ಲೇ ಇದ್ದೀವಿ."