ಕೇತಮ್ಮನ ಮಗಳು

ಪರದೇಶದಲ್ಲಿ ತನ್ನ ಜೊತೆಗಿರಲು ಬಂದಿದ್ದ ಅಮ್ಮನ ವಿಸಿಟ್ ಪಾಸ್‌ಗೆ ಕಾಗದಪತ್ರ ಜೋಡಿಸುವಾಗ ಅನಘಾಳಿಗೆ ಹಳೆಯದೊಂದು ಶಾಲೆಯ ಟಿ.ಸಿ. ಸಿಕ್ಕಿತು. ಜಾತಿ ಎಂಬಲ್ಲಿ ‘ಸೋಲಿಗ’ ಎಂದಿತ್ತು. ಅಮ್ಮ ನಾಗಮಣಿ ಅನಾಥಾಶ್ರಮದಲ್ಲಿ ಬೆಳೆದವಳು, ಅವಳಿಗೆ ತವರಿಲ್ಲ ಎಂದೇ ಮನೆಯವರೆಲ್ಲ ನಂಬಿದ್ದರು. ಕೇಳಿದರೆ ಅಮ್ಮ ಅದನ್ನು ಕಸಿದುಕೊಂಡು ಸೀರೆಗಳ ಕೆಳಗಿಟ್ಟಳು.

ಅನಘಾ ಬಿಡಲಿಲ್ಲ. ಮೂರು ವಾರ ಅವರಿವರಿಗೆ ಫೋನ್ ಮಾಡಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡು, ಅಂದರೆ ಹಾಡಿಯೊಂದರ ಹಿರಿಯರಾದ ಜಡೇಗೌಡರನ್ನು ಹಿಡಿದಳು. ಅವರು ಮಾತಿಗೆ ಸಿಕ್ಕ ಭಾನುವಾರ ಗಂಡ ಪ್ರತಾಪ್ ಮಗಳು ಅದ್ವಿಕಾಳನ್ನು ಪಾಸಿರ್ ರಿಸ್ ಬೀಚಿಗೆ ಕರೆದೊಯ್ದಿದ್ದ. ಚೋವಾ ಚು ಕಾಂಗ್‌ನ ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ಅಮ್ಮ, ಅವಳು ಇಬ್ಬರೇ. ಅನಘಾ ಫೋನನ್ನು ಸ್ಪೀಕರಿಗೆ ಹಾಕಿದಳು.

“ಹೆಸರಿಂದ ಗೊತ್ತಾಗಾಕಿಲ್ಲ ಕಣವ್ವ,” ಎಂದರು ಜಡೇಗೌಡರು. “ನಿಮ್ಮವ್ವ ಯಾವ ಕುಲ? ಅದೊಂದ್ ಯೋಳು.”

ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ಬೇಡವೆಂದು ಕೈಯಾಡಿಸಿದಳು.

“ಅಮ್ಮಾ, ಪ್ಲೀಸ್. ನಂಗೆ ಗೊತ್ತಾಗ್ಬೇಕು.”

ಅಮ್ಮ ಚಪ್ಪಲಿ ಮೆಟ್ಟಿ ಕಾರಿಡಾರಿಗೆ ನಡೆದಳು. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಇಳಿದು ಹೋಗೋಣವೆಂದರೆ ಈ ಊರಿನಲ್ಲಿ ಅವಳಿಗೆ ಒಬ್ಬರ ಮನೆಯೂ ಗೊತ್ತಿರಲಿಲ್ಲ. ತಿರುಗಿ ಬಂದು ಫೋನಿನ ಮುಂದೆ ಕೂತಳು.

“ಹಾಲೇರು,” ಎಂದಳು. “ನಮ್ಮವ್ವ ಕೇತಮ್ಮ. ಸರ್ಕಾರದೋರು ನಮ್ಮನ್ನ ಕಾಡಿಂದ ಎಬ್ಬಿಸಿದ ವರ್ಷ ನನ್ನ ಹಾಸ್ಟೆಲಿಗೆ ಸೇರಿಸಿದ್ಲು.”

ಜಡೇಗೌಡರ ದನಿ ಏರಿತು. “ಕೇತಮ್ಮನ ಮಗಳಾ! ಸಾಯೋಗಂಟ ನಿನ್ ದಾರಿ ನೋಡಿದ್ಲಲ್ಲವ್ವ ಅವ್ಳು. ನಿನ್ ತಂಗಿ ಇನ್ನೂ ಇಲ್ಲೇ ಅವ್ಳೆ. ಯಾವಾಗ ಬತ್ತೀಯೆ?”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫೋನ್ ಇಟ್ಟ ಮೇಲೆ ಅನಘಾಳ ಕೈ ಹಿಡಿದಳು.

“ನಿಮ್ಮಪ್ಪಂಗೆ ಮಾತ್ರ ಗೊತ್ತಿತ್ತು ಕಣೆ. ನಿನ್ ಮದ್ವೆ ಮುಂಚೆ ನಿಮ್ಮತ್ತೆ ನನ್ನ ತವರು ಯಾವ್ದು ಅಂತ ಕೆದಕಿ ಕೆದಕಿ ಕೇಳಿದ್ರು. ಯಾರೂ ಇಲ್ಲ ಅಂದ್ಬಿಟ್ಟೆ. ಈಗ ಗೊತ್ತಾದ್ರೆ ನೀನೂ ಸೇರ್ಕೊಂಡು ಮೋಸ ಮಾಡ್ದೆ ಅಂತಾರೆ. ಪ್ರತಾಪ್‌ಗೆ ಹೇಳಲ್ಲ ಅಂತ ಮಾತು ಕೊಡು.”

“ತಂಗೀನ ನೋಡೋದು ಬೇಡ್ವಾ?”

“ಬೇಕು. ಏನಂತ ಹೇಳಿ ಹೋಗ್ಲಿ?”

ಅನಘಾ ಮಾತು ಕೊಟ್ಟಳು.

ಸಂಜೆ ಅದ್ವಿಕಾ ಮರಳು ಮೆತ್ತಿದ ಕಾಲಲ್ಲೇ ಒಳಗೆ ಓಡಿದಳು. “ಅಷ್ಟೊತ್ತು ಯಾರ ಜೊತೆ? ನಿನ್ ಫೋನ್ ಬ್ಯುಸಿ ಬರ್ತಿತ್ತು,” ಎಂದ ಪ್ರತಾಪ್.

“ಆಫೀಸ್ ಕಾಲ್.”

“ಸಂಡೇನೂನಾ?” ಎಂದು ನಕ್ಕು, ಅವನು ಸ್ನಾನಕ್ಕೆ ಹೋದ. ಅನಘಾ ಅವನ ಮುಖ ನೋಡಿರಲಿಲ್ಲ.

ಆ ವಾರ ಅವಳು ಎರಡು ಸಲ ಬೆಂಗಳೂರಿಗೆ ಟಿಕೆಟ್ ಬುಕ್ ಮಾಡಲು ಕೂತಳು. ಎರಡು ಸಲವೂ ಪ್ರತಾಪ್ “ಏನ್ ವಿಷ್ಯ?” ಎಂದ. ಎರಡು ಸಲವೂ “ಸುಮ್ನೆ” ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಜಡೇಗೌಡರು ಮಾತ್ರ “ಯಾವಾಗ ಬತ್ತೀರಿ?” ಎಂದು ದಿನಾ ಕರೆ ಮಾಡುತ್ತಲೇ ಇದ್ದರು.