ಉತ್ತರ ಕೇಳದ ಚಪ್ಪಾಳೆ

ಕಪ್ಪುಹಲಗೆಯ ಮೇಲೆ ಬರೆಯುವಾಗಲೂ ಮಕ್ಕಳಿಗೆ ಬೆನ್ನು ತೋರಿಸದ ಉಪಾಧ್ಯಾಯರನ್ನು ನನ್ನ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ನಾನು ಕಂಡದ್ದು ಒಬ್ಬರನ್ನೇ. ಎಲ್ಪಿದಿಯೊ ಕತಾಲ್ಬಾಸ್ ಎಂಬುದು ಅವರ ಪೂರ್ಣನಾಮ. ಆದರೆ ನಮ್ಮ ತಗುಬಾನ್ ದ್ವೀಪದಲ್ಲಿ ಹಿರಿಯರೂ ಕಿರಿಯರೂ, ಸಿಟ್ಟು ಬಂದಾಗ ಅವರ ಹೆಂಡತಿಯೂ ಸಹ, ಅವರನ್ನು ಸರ್ ಪಿಡಿಂಗ್ ಎಂದೇ ಕರೆಯುತ್ತಿದ್ದರು. ಹಲಗೆಗೆ ಓರೆಯಾಗಿ ನಿಂತು, ಬಲಗೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಕಣ್ಣುಗಳನ್ನು ಬೆಂಚುಗಳ ಮೇಲೆ ನೆಟ್ಟು, ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತ ಸರಿಯುತ್ತ ಅವರು ಒಂದು ಇಡೀ ವಾಕ್ಯವನ್ನು ಬರೆದು ಮುಗಿಸುತ್ತಿದ್ದರು. ಅಕ್ಷರಗಳು ದುಂಡಾಗಿದ್ದವು, ಆದರೆ ಪ್ರತಿ ಸಾಲೂ ತುದಿಯಲ್ಲಿ ಕೆಳಕ್ಕೆ ಜಾರುತ್ತಿತ್ತು. ಅವರ ತರಗತಿಯ ಹಲಗೆ ಸದಾ ಒಂದು ಮಗ್ಗುಲಿಗೆ ವಾಲಿದ ದೋಣಿಯಂತೆ ಕಾಣುತ್ತಿತ್ತು. ಬೆನ್ನು ತಿರುಗಿಸದ ಕಾರಣ ಕೇಳಿದಾಗ ಒಮ್ಮೆ ಹೇಳಿದ್ದರು:

"ಮಾನಾಂಗ್, ಮಗು ಸುಳ್ಳು ಹೇಳೋದು ಬಾಯಲ್ಲಿ, ಗೊತ್ತಿಲ್ಲ ಅಂತ ಹೇಳೋದು ಮುಖದಲ್ಲಿ. ನಾನು ತಿರುಗಿ ನಿಂತ್ರೆ ಮುಖ ತಪ್ಪಿಹೋಗತ್ತೆ."

ಮಾನಾಂಗ್ ಎಂದರೆ ಅಕ್ಕ. ನಾನು ಅವರಿಗಿಂತ ಮೂರು ವರ್ಷ ದೊಡ್ಡವಳು. ನನ್ನ ಒಂದನೆಯ ತರಗತಿಗೂ ಅವರ ಕೋಣೆಗೂ ನಡುವೆ ಇದ್ದುದು ತೆಳುಹಲಗೆಯ ಗೋಡೆ. ಆದುದರಿಂದ ಅವರ ಪಾಠವನ್ನು ನಾನು ಅವರ ಶಿಷ್ಯರಿಗಿಂತ ಹೆಚ್ಚು ವರ್ಷ ಕೇಳಿದ್ದೇನೆ. ಯಾವುದೋ ಕ್ರೀಡಾಕೂಟದಲ್ಲಿ ಕೊಟ್ಟ ಕಂದುಗೆಂಪು ಬಣ್ಣದ ಒಂದು ಮೇಲಂಗಿಯನ್ನು, ಬೆವರು ಇಳಿಯುವ ಏಪ್ರಿಲ್ ತಿಂಗಳಿನಲ್ಲಿಯೂ, ಅವರು ಬಿಚ್ಚುತ್ತಿರಲಿಲ್ಲ. ಅದಕ್ಕೆ ಆರು ಜೇಬುಗಳಿದ್ದವು ಎಂಬುದೇ ಕಾರಣ: ಸೀಮೆಸುಣ್ಣ, ಹಲಗೆ ಒರೆಸುವ ಬಟ್ಟೆ, ಗಾಯಕ್ಕೆ ಮುಲಾಮು, ಹಸಿದು ಬಂದ ಮಗುವಿಗೆ ಬ್ರೆಡ್ಡಿನ ಉಂಡೆ. ಪ್ರಶ್ನೆ ಕೇಳಿದ ಮೇಲೆ ಆ ಜೇಬಿನೊಳಗೆ ಬೆರಳು ಮಡಿಸುತ್ತ ಆರರವರೆಗೆ ಎಣಿಸುವರು. ಆರು ಮುಗಿಯುವ ತನಕ ಯಾರೂ ತುಟಿ ಬಿಚ್ಚಕೂಡದು. ಉತ್ತರ ಸರಿಯಾದರೆ ನಮ್ಮ ಶಾಲೆಗಳ ಪದ್ಧತಿಯಂತೆ ಇಡೀ ತರಗತಿ ಬೆಂಚನ್ನು ಎರಡು ಸಲ ಬಡಿದು, ಮೂರು ಸಲ ಚಪ್ಪಾಳೆ ತಟ್ಟಿ, ಒಂದೇ ಕೊರಳಿನಲ್ಲಿ "ಭಲೇ!" ಎನ್ನುವುದು. ಆ ಭಲೇಗಾಗಿ ಮಕ್ಕಳು ಎಷ್ಟು ಹಸಿದಿರುತ್ತಾರೆಂದು ಮೇಷ್ಟರಾದವರಿಗೆ ಮಾತ್ರ ಗೊತ್ತು.

ನಾನು ನಿವೃತ್ತಳಾದ ವರ್ಷವೇ ಆ ರೋಗ ಬಂದು ಶಾಲೆಗಳಿಗೆ ಬೀಗ ಬಿದ್ದಿತು. ಮೇಲಿನವರು ಪಾಠಗಳನ್ನು ಅಚ್ಚು ಹಾಕಿಸಿ ಕಳುಹಿಸಿದರು. ಸೋಮವಾರ ಕಾಗದದ ಕಂತೆಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಮನೆಮನೆಗೆ ಹೋಗುವುದು, ಶುಕ್ರವಾರ ಉತ್ತರ ತುಂಬಿಸಿಕೊಂಡು ಮರಳುವುದು. ಮೊದಲ ಶುಕ್ರವಾರ ಸರ್ ಪಿಡಿಂಗ್ ಕಂತೆಯನ್ನು ನಮ್ಮ ಜಗುಲಿಯ ಮೇಲೆ ಹರಡಿ, ಅಪ್ಪಂದಿರ ಕೈಯ ದಪ್ಪ ದಪ್ಪ ಅಕ್ಷರಗಳ ಉತ್ತರಗಳನ್ನು ನನಗೆ ತೋರಿಸಿ ನಕ್ಕರು.

"ನೋಡಿ ಮಾನಾಂಗ್, ಈ ವಾರ ನಮ್ಮೂರಿನ ಮೀನುಗಾರರೆಲ್ಲ ಎರಡನೇ ಕ್ಲಾಸು ಪಾಸಾದ್ರು."

ನಕ್ಕರೇ ಹೊರತು ಅಂದು ಅವರು ಊಟ ಮಾಡಲಿಲ್ಲ. ಓದಲು ಬಾರದ ಮಕ್ಕಳ ಕೈಗೆ ಓದಿ ಕಲಿಯಿರೆಂದು ಕಾಗದ ಕೊಡುವುದು ಈಜು ಬಾರದವನಿಗೆ ನಡುಗಡಲಿನಲ್ಲಿ ಹುಟ್ಟು ಕೊಟ್ಟಂತೆ ಎಂದು ಅವರಿಗೆ ಅನ್ನಿಸಿತ್ತು. ಫೋನಿನ ಮೂಲಕ ಕಲಿಸೋಣವೆಂದರೆ ದ್ವೀಪದಲ್ಲಿ ಸಿಗ್ನಲ್ ಸಿಗುವುದು ದೀಪಸ್ತಂಭದ ಗುಡ್ಡದ ಮೇಲೆ ಮಾತ್ರ. ಆದರೆ ಒಂದು ವಸ್ತು ಪ್ರತಿ ಮನೆಯಲ್ಲಿಯೂ ಇತ್ತು. ಸೂರು ಸೋರುವ ಮನೆಯಲ್ಲಿಯೂ ನಮ್ಮ ಜನ, ಹಾಡಿದವರಿಗೆ ಅಂಕ ಕೊಡುವ ಕರೋಕೆ ಪೆಟ್ಟಿಗೆಯನ್ನು ಇಟ್ಟುಕೊಂಡಿರುತ್ತಾರೆ. ಹುಟ್ಟುಹಬ್ಬಕ್ಕೂ ಬೇಕು, ಸಾವಿಗೂ ಬೇಕು. ಆ ಪೆಟ್ಟಿಗೆಯ ಪಕ್ಕದಲ್ಲಿ ಉಗುರಿನಷ್ಟು ಅಗಲದ ಮೆಮೊರಿ ಕಾರ್ಡು ತೂರಿಸಲು ಒಂದು ಸೀಳು ಇರುತ್ತದೆ. ಅರವತ್ತೆರಡರ ವಯಸ್ಸಿನಲ್ಲಿ ಸರ್ ಪಿಡಿಂಗ್ ತಮ್ಮ ಫೋನಿನಲ್ಲಿ ಧ್ವನಿ ಮುದ್ರಿಸುವುದನ್ನು ಕಲಿತರು. ಶಾಲೆಯ ಉಗ್ರಾಣದಲ್ಲಿ ಕಂಬಳಿ ಹೊದ್ದು ಕುಳಿತು, ಕಂತೆಯ ಇಂಥ ಸಾಲಿನ ಮೇಲೆ ಬೆರಳಿಟ್ಟು ಓದಿ ಎಂದು ಪಾಠ ಹೇಳುವರು. ಎಷ್ಟು ಹೊದ್ದರೂ ಯಾರದೋ ಹುಂಜದ ಕೂಗು ಒಳಗೆ ನುಗ್ಗಿರುತ್ತಿತ್ತು. ನಲವತ್ತಮೂರು ಕಾರ್ಡುಗಳನ್ನು ಬೆಂಕಿಪೆಟ್ಟಿಗೆಗಳಲ್ಲಿ ಜೋಡಿಸಿ, ಆರು ಜೇಬುಗಳಲ್ಲಿ ತುಂಬಿಕೊಂಡು, ದೋಣಿಯಲ್ಲಿ ದ್ವೀಪವನ್ನು ಸುತ್ತಿ ಹಂಚುವರು.

ಆ ದಿನಗಳಲ್ಲಿ ಮಧ್ಯಾಹ್ನದ ಮೂರು ಗಂಟೆಗೆ ಕಡಲತೀರದಲ್ಲಿ ನಡೆದರೆ ಒಂದೊಂದು ಮನೆಯಿಂದಲೂ ಅವರ ಧ್ವನಿ ಎದುರಾಗುತ್ತಿತ್ತು, ಒಂದರ ಬಾಲಕ್ಕೆ ಇನ್ನೊಂದು. ಬಲೆ ಹೆಣೆಯುವ ಗಂಡಸರು ಅವರನ್ನು ಬಿಡುತ್ತಿರಲಿಲ್ಲ.

"ಸರ್, ನಿನ್ನೆ ನಿಮ್ಮ ಮಗ್ಗಿಗೆ ನಮ್ಮ ಪೆಟ್ಟಿಗೆ ತೊಂಬತ್ತೆಂಟು ಅಂಕ ಕೊಡ್ತು! ನನ್ನ ಹೆಂಡ್ತಿ ಹಾಡಿಗೆ ಇವತ್ತಿನವರೆಗೂ ಎಪ್ಪತ್ತು ದಾಟಿಲ್ಲ."

"ಈ ಮಾತು ಅವಳ ಮುಂದೆ ಹೇಳು, ರಾತ್ರಿ ಅನ್ನ ಸಿಗತ್ತಾ ನೋಡೋಣ."

ಇನ್ನು ಮುಂದಿನದನ್ನು ಬರೆಯುವುದು ನನಗೆ ಸುಲಭವಲ್ಲ. ಮೊದಲ ಪಾಠಗಳಲ್ಲಿ ಅವರು ಪ್ರಶ್ನೆ ಕೇಳಿ, ಆರು ಎಣಿಸುವಷ್ಟು ಹೊತ್ತು ಮೌನವಾಗಿದ್ದು, ಬಳಿಕ ತಾವೇ ಉತ್ತರ ಹೇಳುತ್ತಿದ್ದರು. ಮಕ್ಕಳು ಜಾಣರು, ಹೇಗೂ ಪೆಟ್ಟಿಗೆ ಹೇಳುತ್ತದಲ್ಲ ಎಂದು ಸುಮ್ಮನೆ ಕಾಯತೊಡಗಿದರು. ಹಾಗಾದರೆ ಉತ್ತರವನ್ನು ತೆಗೆದು, ಆ ಜಾಗದಲ್ಲಿ ತರಗತಿಯ ಚಪ್ಪಾಳೆ ಹಾಕೋಣ, ಮನೆಯಲ್ಲಿ ಒಂಟಿಯಾಗಿ ಕುಳಿತ ಮಗುವಿಗೆ ಹುರುಪು ಬರುತ್ತದೆ ಎಂದು ಸೂಚಿಸಿದವಳು ನಾನು. ಅವರು ಬಹಳ ಹೊತ್ತು ಹಿಂದೆಮುಂದೆ ನೋಡಿದರು.

"ಉತ್ತರ ಕೇಳಿಸ್ಕೊಳ್ದೆ ಭಲೇ ಅನ್ನೋದು ಹೇಗೆ ಮಾನಾಂಗ್?"

"ಎರಡು ತಿಂಗಳಲ್ಲಿ ಶಾಲೆ ತೆರೆಯತ್ತೆ. ಅಲ್ಲೀವರೆಗೆ ಮಗು ಬಾಯಿ ಬಿಡೋದಾದ್ರೂ ಕಲೀಲಿ ಪಿಡಿಂಗ್."

ಅವರು, ಅವರ ಹೆಂಡತಿ, ನಾನು, ಮೂವರೂ ಉಗ್ರಾಣದಲ್ಲಿ ಕುಳಿತು ಖಾಲಿ ಮರದ ಪೆಟ್ಟಿಗೆಯೊಂದನ್ನು ಬಡಿದು, ಚಪ್ಪಾಳೆ ತಟ್ಟಿ, ಭಲೇ ಎಂದು ಕೂಗಿ ಮುದ್ರಿಸಿದೆವು. ಶಾಲೆ ಎರಡು ತಿಂಗಳಲ್ಲಿ ತೆರೆಯಲಿಲ್ಲ, ಎರಡು ವರ್ಷಗಳಾದವು.

ದ್ವೀಪದ ಕೊನೆಯ ಕೇರಿಯಲ್ಲಿ, ನೀರಿನ ಮೇಲೆ ಕಂಬಗಳ ಮನೆಯಲ್ಲಿ, ಜೊನಾಬೆಲ್ ಎಂಬ ಮಗು ತನ್ನ ಅಜ್ಜಿ ಲೋಲಾ ಕೊನ್ಸಿಂಗಳ ಜೊತೆ ಇದ್ದಿತು. ತಾಯಿ ಪಟ್ಟಣದಲ್ಲಿ ಯಾರದೋ ಮನೆಯ ಕೆಲಸದಲ್ಲಿದ್ದಳು. ಬೀಗ ಬಿದ್ದಾಗ ಮಗುವಿಗೆ ಏಳು ವರ್ಷ. ಅಜ್ಜಿಗೆ ಓದು ಬಾರದು. ಆದರೆ ಕಾರ್ಡು ತರುವ ಸರ್ ಪಿಡಿಂಗರನ್ನು ಕಂಡಾಗಲೆಲ್ಲ ಆಕೆಯ ಮುಖ ಅರಳುತ್ತಿತ್ತು.

"ನಮ್ಮ ಮಗು ಒಂದೂ ತಪ್ಪು ಮಾಡಲ್ಲ ಸರ್. ದಿನಾ ಭಲೇ, ದಿನಾ ಭಲೇ. ಇವಳ ಅಮ್ಮ ಇಂಥ ಬುದ್ಧಿ ಎಲ್ಲಿ ಬಚ್ಚಿಟ್ಟಿದ್ಲೋ!"

ರೋಗದ ಭಯದಿಂದ ಮೆಟ್ಟಿಲಿನ ಕೆಳಗೆ ನಿಂತೇ ಕಾರ್ಡು ಬದಲಾಯಿಸಬೇಕಾಗಿದ್ದ ಕಾಲ. ಅವರು ಆ ಮಾತನ್ನು ನಂಬಿದರು. ನಂಬುವುದಕ್ಕೆ ಆಸೆಯೂ ಇತ್ತು.

ಶಾಲೆ ಮತ್ತೆ ತೆರೆದ ದಿನ ನನ್ನನ್ನೂ ಕರೆದಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಹಲಗೆಯ ಮೇಲೆ ಒಂದು ಸರಳ ವಾಕ್ಯವಿತ್ತು: ಅಪ್ಪ ಮುಂಜಾನೆ ಬಲೆ ಬೀಸಿದ. ಸರ್ ಪಿಡಿಂಗ್ ಬಹಳ ಸಂಭ್ರಮದಿಂದ ಜೊನಾಬೆಲಳನ್ನೇ ಮೊದಲು ಎಬ್ಬಿಸಿದರು. ಒಂಬತ್ತು ವರ್ಷದ ಹುಡುಗಿ ಎದ್ದು, ಹಲಗೆಯತ್ತ ನೆಟ್ಟಗೆ ನೋಡಿ, ಸ್ಪಷ್ಟವಾದ ಗಟ್ಟಿ ಧ್ವನಿಯಲ್ಲಿ "ಹಸಿರು ಗಿಳಿ ಮಾವಿನ ಮರದ ಮೇಲೆ ಕೂತಿದೆ" ಎಂದು ಓದಿ, ತಲೆ ಎತ್ತಿ, ಚಪ್ಪಾಳೆಗಾಗಿ ಕಾದಳು.

ಆಮೇಲೆ ಹುಡುಗರ ಬೆಂಚಿನಿಂದ ಕೂಗು ಬಂದಿತು: "ಸರ್, ಗಿಳಿ ಎಲ್ಲೋ ಹಾರಿಹೋಗಿದೆ, ಹಲಗೆ ಮೇಲಂತೂ ಇಲ್ಲ!" ತರಗತಿ ಹೊರಳಾಡಿ ನಕ್ಕಿತು.

ಹುಡುಗಿ ಅಳಲಿಲ್ಲ. ಸರ್ ಪಿಡಿಂಗರನ್ನೇ ನೋಡುತ್ತ, ಏನೋ ಲೆಕ್ಕ ತಪ್ಪಿದೆ ಎಂಬಂತೆ, ಮೆಲ್ಲಗೆ ಹೇಳಿದಳು: "ನೀವೇ ಸರಿ ಅಂದ್ರಲ್ಲ ಸರ್. ದಿನಾ ಅಂದ್ರಿ."

ಸರ್ ಪಿಡಿಂಗ್ ತರಗತಿಯಲ್ಲಿ ಕುರ್ಚಿಯ ಮೇಲೆ ಕುಳಿತದ್ದನ್ನು ನಾನು ಅಂದೇ ಮೊದಲು ಕಂಡದ್ದು.

ನಾಲ್ಕು ವಾರ ಆಕೆ ಶಾಲೆಗೆ ಬಂದಳು. ಅವರು ದಿನವೂ ಊಟದ ವೇಳೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ಕಲಿಸಿದರು. ತಪ್ಪು ತಮ್ಮದೆಂದು ಮಕ್ಕಳೆಲ್ಲರೆದುರು ಒಪ್ಪಿಕೊಂಡರು. ಆದರೆ ಮಗು ಒಂದು ಪದವನ್ನು ನಿಜವಾಗಿಯೂ ಸರಿಯಾಗಿ ಓದಿದಾಗ ಅವರು "ಸರಿ" ಎಂದರೆ, ಅವಳು ಅವರ ಮುಖವನ್ನು ಹುಡುಕಿ, "ಸುಮ್ನೆ ಹೇಳ್ತಿದೀರಾ?" ಎಂದು ಕೇಳುತ್ತಿದ್ದಳು. ಐದನೆಯ ವಾರ ಅವಳು ಬರಲಿಲ್ಲ.

ಅಂದಿನಿಂದ ಅವರ ಜೀವನದಲ್ಲಿ ಉಳಿದದ್ದು ಒಂದೇ ಗುರಿ: ನವೆಂಬರಿನಲ್ಲಿ ತಾವು ನಿವೃತ್ತರಾಗುವ ಮೊದಲು ಆ ಮಗು ಒಂದು ಸಾಲನ್ನು ಓದಿ, ಓದಿದ್ದು ಸರಿಯೆಂದು ತಾನೇ ತಿಳಿಯಬೇಕು. ಶಾಲೆ ಬಿಟ್ಟ ಮೇಲೆ ಕೊನೆಯ ಕೇರಿಗೆ ನಡೆದುಹೋಗಿ, ಲೋಲಾ ಕೊನ್ಸಿಂಗಳ ಮನೆಯ ಮುಂದೆ, ಮೀನನ್ನು ಸೀಳಿ ಒಣಹಾಕುವ ಚೌಕಟ್ಟುಗಳ ನಡುವೆ ಕೂರುವರು. ಹುಡುಗಿ ಮೀನು ಸೀಳುವಳು. ಅವರೂ ಒಂದು ಚಾಕು ತೆಗೆದುಕೊಂಡು ಸೀಳುತ್ತ, ತೇವದ ಮರಳಿನ ಮೇಲೆ ಒಂದು ಪದ ಬರೆದು ಸುಮ್ಮನಿರುವರು. ಅವಳು ನೋಡುವಳು, ಮಾತನಾಡಳು. ಅಜ್ಜಿಯೇ ಗದರಿಸುವಳು.

"ಬಾಯಿಗೆ ಏನಾಗಿದೆ ನಿಂಗೆ? ಸರ್ ಇಷ್ಟು ದೂರ ಬಂದು ಮೀನಿನ ಕರುಳು ತೆಗೀತಾ ಕೂತಿದಾರೆ!"

"ಇರಲಿ ಲೋಲಾ," ಎನ್ನುವರು ಅವರು. "ಅವಳು ಕಾಯಿಸಲಿ. ನಾನೇ ಅವಳನ್ನ ಎರಡು ವರ್ಷ ಕಾಯಿಸಿದೀನಿ."

ಫೆಬ್ರವರಿಯಲ್ಲಿ ಪಟ್ಟಣದಲ್ಲಿ ಹೊಸ ಬೋಧನಾಕ್ರಮಗಳ ಕುರಿತು ಉಪಾಧ್ಯಾಯರ ತರಬೇತಿ ನಡೆಯಿತು. ಪೆಟ್ಟಿಗೆಯ ಪಾಠಗಳ ಕೀರ್ತಿ ಅಲ್ಲಿಗೂ ಮುಟ್ಟಿ, ಅವರಿಗೊಂದು ಪ್ರಶಸ್ತಿಪತ್ರ ಸಿದ್ಧವಾಗಿತ್ತು. ಜೊತೆಗೆ ನಾನೂ ಹೋಗಿದ್ದೆ. ವೇದಿಕೆಯ ಮೇಲೆ ಅವರು ಹಳೆಯ ಪಾಠವೊಂದನ್ನು ಹಾಕಿದರು. ಪ್ರಶ್ನೆ ಬಂದಿತು, ಮೌನ ಬಂದಿತು, ಚಪ್ಪಾಳೆ ಮೊದಲಾಯಿತು, ಸಭೆಯಲ್ಲಿದ್ದ ಎಂಬತ್ತು ಮಂದಿ ಉಪಾಧ್ಯಾಯರ ಕೈಗಳು ಅಭ್ಯಾಸಬಲದಿಂದ ಮೇಜನ್ನು ಎರಡು ಸಲ ಬಡಿದು, ಮೂರು ಸಲ ತಟ್ಟಿ, ಎಲ್ಲರೂ ನಗುತ್ತ "ಭಲೇ!" ಎಂದರು. ಸದ್ದು ಅಡಗುವವರೆಗೆ ಅವರು ಕಾದರು.

"ಈ ಪ್ರಶ್ನೆಗೆ ಜೊನಾಬೆಲ್ ಅನ್ನೋ ಮಗು ತಪ್ಪು ಉತ್ತರ ಹೇಳಿದ್ಲು. ಈಗ ತಾನೆ ನಾವೆಲ್ಲ ಸೇರಿ ಮತ್ತೊಂದು ಸಲ ಅವಳಿಗೆ ಚಪ್ಪಾಳೆ ತಟ್ಟಿದ್ವಿ."

ಸಭೆ ನಡೆಸುತ್ತಿದ್ದ ತರುಣಿ ಕಸಿವಿಸಿಗೊಂಡು, "ಸರ್, ಸ್ವಲ್ಪ ಒಳ್ಳೇದನ್ನೂ ಹೇಳಿ" ಎಂದಳು.

"ಪೆಟ್ಟಿಗೆ ಒಳ್ಳೇದೇ ಅಮ್ಮ. ಅದರಿಂದ ಮೂವತ್ತು ಮಕ್ಕಳು ಮಗ್ಗಿ ಕಲಿತಿವೆ. ಹೇಳೋ ಕೆಲಸ ಅದಕ್ಕೆ ಕೊಡಿ. ಕೇಳೋ ಕೆಲಸ ಕೊಡಬೇಡಿ. ನಾನು ಕೊಟ್ಟೆ." ಅಷ್ಟು ಹೇಳಿ ಇಳಿದು ಬಂದರು. ಪ್ರಶಸ್ತಿಪತ್ರ ಮೇಜಿನ ಮೇಲೆಯೇ ಉಳಿಯಿತು. ಪಾಠಕ್ಕೆ ಚಪ್ಪಾಳೆ ಹಾಕಿಸಿದ್ದು ನಾನೆಂದು ಅವರು ಅಲ್ಲಿ ಹೇಳಲಿಲ್ಲ. ದೋಣಿಯಲ್ಲಿ ಮರಳುವಾಗಲೂ, ಮುಂದೆ ಎಂದೂ, ಹೇಳಲಿಲ್ಲ.

ಮೇ ತಿಂಗಳಿನಲ್ಲಿ ಜೊನಾಬೆಲಳನ್ನು ತಾಯಿ ಕರೆಸಿಕೊಂಡಳು. ಪಟ್ಟಣದಲ್ಲಿ ಆಕೆಗೆ ಇನ್ನೊಂದು ಮಗು ಹುಟ್ಟಿತ್ತು, ನೋಡಿಕೊಳ್ಳಲು ಜನ ಬೇಕಿತ್ತು. ಹೊರಡುವ ಮುಂಜಾನೆ ಹಡಗುಕಟ್ಟೆಯಲ್ಲಿ ನಾವಿಬ್ಬರೂ ಇದ್ದೆವು. ಅಂದಿನ ದೋಣಿ ಆ ವಾರವಷ್ಟೇ ಬಂದದ್ದು. ಅದರ ಹೆಸರು ಇನ್ನೂ ಊರಿನ ಬಾಯಿಗೆ ಬಂದಿರಲಿಲ್ಲ. ಮೂತಿಯ ಮೇಲೆ ಕೆಂಪು ಅಕ್ಷರಗಳಲ್ಲಿ ಬರೆದಿದ್ದ ಆ ಹೆಸರನ್ನು ಸರ್ ಪಿಡಿಂಗ್ ಬೆರಳಿನಿಂದ ತೋರಿಸಿದರು.

"ಇಂದಾಯ್," ಎಂದರು, ನಮ್ಮಲ್ಲಿ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ. "ಏನಂತ ಬರೆದಿದೆ ಹೇಳು ಮಗಳೇ."

ಹುಡುಗಿ ಹೆಸರನ್ನು ನೋಡಿದಳು. ಕಣ್ಣು ಎಡದಿಂದ ಬಲಕ್ಕೆ ನಿಧಾನವಾಗಿ ಸರಿದುದನ್ನು ನಾನು ಕಂಡೆ. ತುಟಿಗಳು ಅಲುಗಿದುದನ್ನೂ ಕಂಡೆ. ಅವರು ಕಾದರು. ಆರು ಎಂದೋ ಮುಗಿದಿತ್ತು. ಎಂಜಿನು ಶುರುವಾಯಿತು, ದೋಣಿ ಹತ್ತುವ ಹಲಗೆಯನ್ನು ಎಳೆದುಕೊಳ್ಳುತ್ತೇವೆಂದು ದೋಣಿಯವನು ಕೂಗಿದ.

"ಗೊತ್ತು ಸರ್," ಎಂದಳು. "ಆದ್ರೆ ಹೇಳಲ್ಲ."

"ಯಾಕಮ್ಮ?"

"ನೀವು ಸರಿ ಅಂದ್ಬಿಡ್ತೀರ."

ಅವಳು ಹಲಗೆ ಹತ್ತಿದಳು. ಅಜ್ಜಿ ಸೆರಗಿನಂಥ ತುಂಡುಬಟ್ಟೆಯಿಂದ ಕಣ್ಣೊರೆಸಿಕೊಂಡು ಕೈ ಬೀಸುತ್ತಿದ್ದಳು. ಸರ್ ಪಿಡಿಂಗರ ಕೈ ಜೇಬಿನಿಂದ ಹೊರಗೆ ಬರಲಿಲ್ಲ. ನಿವೃತ್ತರಾದ ಮರುವರ್ಷ ಅವರು ತೀರಿಕೊಂಡರು. ಅವಳು ಆ ಹೆಸರನ್ನು ಓದಿದ್ದಳೋ ಇಲ್ಲವೋ ಎಂಬುದು ಕೊನೆಯವರೆಗೂ ಅವರಿಗೆ ತಿಳಿಯಲಿಲ್ಲ, ನನಗೂ ತಿಳಿಯದು.

ಶಾಲೆಗೆ ಹೊಸ ಸಲಕರಣೆಗಳು ಬರುತ್ತಲೇ ಇರುತ್ತವೆ, ಬರಬೇಕು. ಅವುಗಳನ್ನು ಮೊದಲು ಕೈಗೆತ್ತಿಕೊಳ್ಳುವವರು ಬಹುಶಃ ಇಂಥ ಮೇಷ್ಟರುಗಳೇ, ಒಂದು ಮಗುವೂ ದಡದಲ್ಲಿ ಉಳಿಯಬಾರದೆಂಬ ಅವಸರ ಅವರಿಗೆ ಇರುವುದರಿಂದ. ಆ ಅವಸರದಲ್ಲಿಯೇ ಅವರು ಎಡವುತ್ತಾರೆ. ಕಲಿತು ಹೋದ ಮಕ್ಕಳನ್ನು ಅವರು ಬೇಗ ಮರೆಯುತ್ತಾರೆ. ಕಲಿಸಲಾಗದ ಒಂದು ಮಗು ಮಾತ್ರ ಅವರು ಹೋಗುವವರೆಗೂ ಮುಂದಿನ ಬೆಂಚಿನಲ್ಲಿ ಕುಳಿತಿರುತ್ತದೆ. ಊರೆಲ್ಲ ಅವರನ್ನು ಒಳ್ಳೆಯ ಮೇಷ್ಟರು ಎನ್ನುತ್ತದೆ. ಆ ಮಾತು ಕೇಳಿ ಅವರು ತಲೆ ತಗ್ಗಿಸುತ್ತಾರೆ. ಅದನ್ನು ಹೇಳಬೇಕಾಗಿದ್ದ ಆ ಒಂದು ಮಗು ಹೇಳಲಿಲ್ಲವೆಂದು ಅವರಿಗೆ ಗೊತ್ತಿರುತ್ತದೆ.